ಒಂದನ್ನು ಉಳಿಸಲು ಇನ್ನೊಂದನ್ನು ಬಿಚ್ಚಬಹುದೇ?

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿರುವ ಹಳದಿ ಬಣ್ಣದ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್‌ಗೆ ಜೋಡಿ ಕಾರು ಎಂಬುದೇ ಇಲ್ಲ. ಅದನ್ನು ಮಾಡಿಸಲು ಹೇಳಿದ್ದು ಆರನೇ ನಿಜಾಮ ಮಹಬೂಬ್ ಅಲಿ ಖಾನ್. 1911ರಲ್ಲಿ ಅವರು ತೀರಿಕೊಂಡಿದ್ದರಿಂದ ಅದು ಮಗ ಉಸ್ಮಾನ್ ಅಲಿ ಖಾನರ ಪಾಲಾಯಿತು. ಷಾಸಿ, ಎಂಜಿನ್ ರೋಲ್ಸ್-ರಾಯ್ಸ್‌ನವು; ಹಿಂದೆ ಸಿಂಹಾಸನದಂತೆ ಎತ್ತರಿಸಿದ ಆಸನವುಳ್ಳ ಬಾಡಿ ಬಾರ್ಕರ್ ಕಂಪನಿಯದು. ಸಿಲ್ವರ್ ಘೋಸ್ಟ್‌ಗಳು ಏಳು ಸಾವಿರಕ್ಕೂ ಹೆಚ್ಚು ತಯಾರಾದವು, ಆದರೆ ಈ ಬಾಡಿ ಒಂದೇ. ಇಂಥ ಕಾರಿನ ಜೀರ್ಣೋದ್ಧಾರದ ಕೆಲಸ ಕಷ್ಟ, ತೀರ್ಮಾನ ಸುಲಭ: ಇದ್ದದ್ದನ್ನು ಕಾಯಬೇಕು, ಇಲ್ಲದ್ದನ್ನು ಹೊಸದಾಗಿ ಮಾಡಿಸಬೇಕು.

ತೀರ್ಮಾನ ತೊಡಕಾಗುವುದು ಫಿಯಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳ ವಿಷಯದಲ್ಲಿ. ಇವು ಸಾವಿರಗಟ್ಟಲೆ ತಯಾರಾದವು. ಹಾಗಾಗಿ ಒಂದನ್ನು ಓಡಿಸಲು ಅದೇ ಜಾತಿಯ ಇನ್ನೊಂದನ್ನು ಇಡಿಯಾಗಿ ಕೊಂಡು ಬಿಚ್ಚುವ ರೂಢಿ ಬೆಳೆದಿದೆ.

ಈ ರೂಢಿಗೆ ಅದರದೇ ನ್ಯಾಯವಿದೆ. ಮೀಟರ್, ಬೀಡಿಂಗ್, ಬಾಗಿಲ ಹಿಡಿ, ಗಾಜು ಎತ್ತುವ ಮೆಷಿನ್ ಎಂದು ಹೈದರಾಬಾದಿನ ಜಾಂಬಾಗ್, ರಾಣಿಗಂಜ್‌ಗಳ ಅಂಗಡಿ ಸುತ್ತುತ್ತಾ ಹೋದರೆ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ. ಇಡೀ ಕಾರು ಸಿಕ್ಕರೆ ಭಾಗಗಳಷ್ಟೇ ಅಲ್ಲ, ಅವು ಕೂರುವ ಕ್ರಮವೂ ಸಿಗುತ್ತದೆ. ಯಾವ ಕ್ಲಿಪ್ ಎಲ್ಲಿ, ವೈರಿಂಗ್ ಯಾವ ಸಂದಿಯಲ್ಲಿ ಹಾದಿದೆ ಎಂಬುದನ್ನು ಮೆಕ್ಯಾನಿಕ್ ಕಣ್ಣಾರೆ ನೋಡಿ ಜೋಡಿಸಬಹುದು. ಪಿಲ್ಲರ್‌ವರೆಗೆ ತುಕ್ಕು ಏರಿ, ನೋಂದಣಿಯೂ ರದ್ದಾದ ಗಾಡಿ ಗುಜರಿಯಲ್ಲಿ ಕರಗುವ ಬದಲು ಇನ್ನೊಂದು ಕಾರಿನಲ್ಲಿ ಉಳಿದರೆ ಅದು ಒಳ್ಳೆಯ ಕೆಲಸವೇ.

ಆದರೆ ಯಾವುದನ್ನು ಬಿಚ್ಚಬೇಕು ಎಂಬುದನ್ನು ಬಹುಪಾಲು ನಿರ್ಧರಿಸುವುದು ಮಾರುಕಟ್ಟೆಯ ಬೆಲೆ. 1950ರ ದಶಕದ ಫಿಯಟ್ ಮಿಲೆಚೆಂತೊಗೆ ಬೆಲೆ ಹೆಚ್ಚು, ಅದೇ ವಂಶದ ಪದ್ಮಿನಿಗೆ ಕಡಿಮೆ. ಆದ್ದರಿಂದ ಪದ್ಮಿನಿ ಬಲಿ. ಈ ಲೆಕ್ಕ ತಾಂತ್ರಿಕವಾಗಿಯೂ ನಿಲ್ಲುವುದಿಲ್ಲ. ಎರಡರದ್ದೂ 1089 ಸಿಸಿ ಎಂಜಿನ್, ಒಳಗಿನ ಕೆಲವು ಭಾಗ ಹೊಂದಬಹುದು. ಆದರೆ ಮಿಲೆಚೆಂತೊದ ಮುಂಬಾಗಿಲಿನ ಕೀಲು ಹಿಂಬದಿಗಿದೆ, ಪದ್ಮಿನಿಯದು ಮುಂಬದಿಗೆ. ಬಾಗಿಲು ಒಂದಕ್ಕೊಂದು ಕೂರುವುದಿಲ್ಲ. ಇಸುಜು ಎಂಜಿನ್ನಿನ 1990ರ ದಶಕದ ಅಂಬಾಸಿಡರನ್ನು ಬಿಚ್ಚಿ ಆ ಎಂಜಿನ್ನನ್ನು ಅದರ ಮೊದಲ ಮಾದರಿಯಾದ ಮಾರ್ಕ್ 1ಕ್ಕೆ ಇಳಿಸಿದರೆ ಹಳೆಯ ಕಾರು ಓಡುತ್ತದೆ, ಅದರ ಹಳೆತನ ಹೋಗುತ್ತದೆ. ಕೈಗೆ ಬರುವ ನಾಲ್ಕಾರು ಭಾಗಕ್ಕಾಗಿ ಇಡೀ ಕಾರನ್ನು ಕಳೆದುಕೊಂಡಂತಾಗುತ್ತದೆ.

ಕಾರಿನ ರಚನೆಯನ್ನೂ ನೋಡಬೇಕು. ಹೆರಾಲ್ಡ್‌ಗೆ ಪ್ರತ್ಯೇಕ ಷಾಸಿ, ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಬಿಚ್ಚಿದ್ದನ್ನು ಮತ್ತೆ ಸೇರಿಸುವ ಅವಕಾಶ ಅಲ್ಲಿದೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ನೆಲ, ಪಿಲ್ಲರ್, ಚಾವಣಿ ಎಲ್ಲ ಬೆಸೆದ ಒಂದೇ ಚಿಪ್ಪು. ಫ್ಲೋರ್ ಬೇಕೆಂದು ಗ್ಯಾಸ್ ಕಟರ್ ಇಟ್ಟ ಕ್ಷಣ ಆ ಕಾರಿನ ಕಥೆ ಮುಗಿಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಪದ್ಮಿನಿ ಅದಕ್ಕೂ ಮೊದಲೇ ಹೋಯಿತು. ಕತ್ತರಿಸಿದ ಪ್ರತಿಯೊಂದೂ ಉಳಿದ ಸಂಖ್ಯೆಯಿಂದ ಕಳೆದದ್ದೇ.

2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ ಈ ರೂಢಿಯ ದೊಡ್ಡ ದೋಷವನ್ನು ಎತ್ತಿ ತೋರಿಸುತ್ತದೆ. 50 ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರುವ ವಾಹನಕ್ಕೆ 'ವಿಎ' ಸರಣಿಯ ನೋಂದಣಿ ಸಿಗುತ್ತದೆ. 1970ರ ದಶಕದ ಮೊದಲ ಪದ್ಮಿನಿಗಳು ಈ ಗೆರೆಯನ್ನು ಈಗ ದಾಟುತ್ತಿವೆ. ಬಿಡಿಭಾಗಕ್ಕೆಂದು ಇಂದು ಕೊಲ್ಲುವ ಕಾರು ನಾಳೆ ತಾನೇ ಪರಂಪರೆಯ ಕಾರು. ಬೇರೆ ಕಾರಿನ ಎಂಜಿನ್ ತುಂಬಿಸಿಕೊಂಡ ಹಿರಿಯ ಕಾರಿನ ಮೂಲರೂಪವೂ ಪ್ರಶ್ನೆಗೆ ಒಳಗಾಗುತ್ತದೆ. ಹೀಗೆ ಎರಡೂ ಕಾರು ನಷ್ಟ ಅನುಭವಿಸುತ್ತವೆ.

ಆದ್ದರಿಂದ ಬಿಚ್ಚುವ ಮುನ್ನ ಬಲಿಯಾಗಲಿರುವ ಕಾರನ್ನೇ ಮೊದಲು ಪರೀಕ್ಷಿಸಬೇಕು. ಅದರ ಚಿಪ್ಪು ಗಟ್ಟಿಯಿದ್ದು ಆರ್‌ಸಿ ಜೀವಂತವಿದ್ದರೆ ಮುಟ್ಟಬಾರದು. ಅದನ್ನು ಓಡಿಸಬಲ್ಲವರಿಗೆ ಮಾರಬೇಕು. ಬುಷ್, ಪಿನ್ನು, ರಬ್ಬರ್, ಬ್ರಾಕೆಟ್ಟುಗಳನ್ನು ಲೇತ್‌ನಲ್ಲೋ ಅಚ್ಚಿನಲ್ಲೋ ಮಾಡಿಸಬಹುದು. ಅವಕ್ಕಾಗಿ ಕಾರು ಸಾಯಬೇಕಿಲ್ಲ. ನಿಜಕ್ಕೂ ಸತ್ತ ಕಾರನ್ನು ಬಿಚ್ಚುವುದಾದರೆ ಎಲ್ಲ ಭಾಗದ ಫೋಟೊ ತೆಗೆದು, ಯಾವುದು ಎಲ್ಲಿಂದ ಬಂತೆಂದು ಬರೆದಿಡಬೇಕು, ಆರ್‌ಸಿಯನ್ನು ಆರ್‌ಟಿಎಗೆ ಒಪ್ಪಿಸಬೇಕು, ಮಿಕ್ಕ ಭಾಗಗಳನ್ನು ಬೇಕಾದವರಿಗೆ ಹಂಚಬೇಕು. ಇಷ್ಟನ್ನು ಪಾಲಿಸಿದ ಜೀರ್ಣೋದ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಓಡುವ ಕಾರನ್ನು ಕೊಂದು ಪಡೆದ ಹೊಳಪಿಗೆ ಪ್ರದರ್ಶನದಲ್ಲಿ ಬಹುಮಾನ ಸಿಕ್ಕರೂ ಅದನ್ನು ಸಂರಕ್ಷಣೆ ಎಂದು ನಾನು ಒಪ್ಪಲಾರೆ.