ಮೇಘದೂತದ ಇನ್ನೊಂದು ಮುಖ

ಮೇಘದೂತವನ್ನು ವಿರಹಕಾವ್ಯವೆಂದು ಹೊಗಳುವುದು ನಮ್ಮಲ್ಲಿ ವಾಡಿಕೆ. ಕಾಲೇಜಿನ ದಿನಗಳಲ್ಲಿ ನಾನೂ ಹಾಗೆಯೇ ಓದಿದ್ದೆ. ಅದರ ಇನ್ನೊಂದು ಮುಖ ನನಗೆ ಕಂಡದ್ದು ಕಳೆದ ಆಷಾಢದಲ್ಲಿ, ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಲ್ಲಿ, ಒಂದು ಕೆಟ್ಟ ದಿನದ ಕೊನೆಗೆ.

ಉದ್ಯೋಗದ ನಿಮಿತ್ತ ಅಲ್ಲಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಗೆಳೆಯರೆಲ್ಲ ಬೆಂಗಳೂರಿನಲ್ಲಿ. ಅಂದು ಬೆಳಗ್ಗೆಯೇ ವಿದ್ಯುತ್ತು ಹೋಯಿತು. ಅದು ಬಂದರೆ ಕಂಪ್ಯೂಟರಿನ ಸಂಪರ್ಕ ಹೋಯಿತು. ಬೆಳೆ ವಿಮೆಯ ಕಾಗದ ಹಿಡಿದ ರೈತರು ಸಾಲುಗಟ್ಟಿ ನಿಂತಿದ್ದರು. ಅದೇ ಸಂಜೆ ಬೆಂಗಳೂರಿನಲ್ಲಿ ನಮ್ಮ ಗೆಳೆಯರ ಕೂಟ. ನನ್ನ ಮನಸ್ಸೆಲ್ಲ ಅಲ್ಲಿತ್ತು. ಮುದುಕನೊಬ್ಬ ಒಂದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಾಗ ಗದರಿಬಿಟ್ಟೆ. ಆತ ಮರುಮಾತಾಡದೆ ಹೊರಟುಹೋದ. ಆಮೇಲೆ ನೋಡಿದರೆ ಅವನ ಜಮೀನಿನ ಸರ್ವೆ ನಂಬರನ್ನು ತಪ್ಪಾಗಿ ಬರೆದುಕೊಂಡವನು ನಾನೇ.

ರಾತ್ರಿ ಬೇಸರ ಕಳೆಯಲೆಂದು ಕೈಗೆತ್ತಿಕೊಂಡದ್ದು ಬೇಂದ್ರೆಯವರ ಕನ್ನಡ ಮೇಘದೂತ. ಧಾರವಾಡದ ಗೆಳೆಯರ ಗುಂಪಿನ ಜೀವವಾಗಿದ್ದ ಕವಿ 1943ರಲ್ಲಿ ಹೊರತಂದ ಅನುವಾದ ಅದು. ಮರುವರ್ಷವೇ ಅವರೂ ಉದ್ಯೋಗಕ್ಕಾಗಿ ದೂರದ ಸೊಲ್ಲಾಪುರಕ್ಕೆ ಹೋಗಬೇಕಾಯಿತು.

ಕಾವ್ಯದ ಮೊದಲ ಮಾತೇ ನನ್ನನ್ನು ತಡೆದು ನಿಲ್ಲಿಸಿತು. ಯಕ್ಷನಿಗೆ ಶಾಪ ತಟ್ಟಿದ್ದು ತನಗೊಪ್ಪಿಸಿದ ಕೆಲಸದಲ್ಲಿ ಮೈಮರೆತದ್ದಕ್ಕೆ. ಕೆಲಸ ಯಾವುದೆಂದು ಕಾಳಿದಾಸ ಹೇಳುವುದಿಲ್ಲ. ವ್ಯಾಖ್ಯಾನಕಾರರು ಕಥೆ ಕಟ್ಟಿಕೊಂಡಿದ್ದಾರೆ. ಒಡೆಯನ ಕೋಪ, ಒಂದು ವರ್ಷದ ಗಡುವು, ಪರಸ್ಥಳದ ವಾಸ: ನೌಕರಿ ಮಾಡಿದವರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ.

ಯಕ್ಷನೂ ನಾನೂ ಇಲ್ಲಿಯವರೆಗೆ ಜೊತೆಗಾರರು. ಇಲ್ಲಿಂದ ಮುಂದೆ ದಾರಿ ಬೇರೆ. ಒಂಟಿತನ ನನ್ನನ್ನು ಸಿಡುಕನನ್ನಾಗಿ ಮಾಡಿತು. ಅವನ ಕಣ್ಣನ್ನು ತೆರೆಯಿತು. ಸಂದೇಶವನ್ನು ಬೇಗ ಮುಟ್ಟಿಸೆಂದು ಅವಸರಪಡಿಸಬೇಕಾದವನು, ಮೋಡಕ್ಕೆ ದಾರಿಯುದ್ದಕ್ಕೂ ಪರೋಪಕಾರದ ಕೆಲಸ ಹೇಳುತ್ತಾನೆ. ಹೊರಡುವ ಮುನ್ನ ಗೆಳೆಯನಾದ ಬೆಟ್ಟವನ್ನು ತಬ್ಬಿ ಬೀಳ್ಕೊಳ್ಳಬೇಕು. ಆಮ್ರಕೂಟದ ಕಾಡುಗಿಚ್ಚನ್ನು ಆರಿಸಬೇಕು. ಬೆಳೆಗೆ ನೀನೇ ಗತಿಯೆಂದು ಕಣ್ಣೆತ್ತಿ ನೋಡುವ ಹಳ್ಳಿಯ ಹೆಣ್ಣುಮಕ್ಕಳ ಹೊಲಕ್ಕೆ ಮಳೆ ಸುರಿಯಬೇಕು. ಬೆವೆತು ಹೂ ಕೊಯ್ಯುವವರ ಮುಖಕ್ಕೆ ನೆರಳಾಗಬೇಕು. ಅವಂತಿಯ ಹಳ್ಳಿಗಳಲ್ಲಿ ಉದಯನನ ಕಥೆ ಬಲ್ಲ ಮುದುಕರಿದ್ದಾರೆಂಬುದನ್ನೂ ಆತ ಮರೆಯುವುದಿಲ್ಲ. ಪೂರ್ವಮೇಘವನ್ನು ಕೇವಲ ಭೂಗೋಳದ ವರ್ಣನೆಯೆಂದು ತಿಳಿಯುವವರು ಈ ಅನುಕಂಪವನ್ನು ಗಮನಿಸಿಲ್ಲವೆಂದೇ ಹೇಳಬೇಕು.

ರಾಮಗಿರಿಯಲ್ಲಿ ಯಕ್ಷನಿಗೆ ಕಚೇರಿಯಿರಲಿಲ್ಲ, ಬಿಡುವಿದ್ದವನು ಕರುಣೆ ತೋರುವುದು ಸುಲಭ ಎಂದು ಯಾರಾದರೂ ಆಕ್ಷೇಪಿಸಬಹುದು. ಮಾತು ಅರ್ಧ ನಿಜ. ಆದರೆ ಬಿಡುವಿದ್ದ ಮಾತ್ರಕ್ಕೆ ಅನ್ಯರ ಬೆವರು ಕಣ್ಣಿಗೆ ಬೀಳುವುದಿಲ್ಲ. ಅಲಕಾಪುರಿಯಲ್ಲಿ ಬಿಡುವಿಗೇನು ಕೊರತೆ? ಅಲ್ಲಿ ಯೌವನವಲ್ಲದೆ ಬೇರೆ ವಯಸ್ಸೇ ಇಲ್ಲವಂತೆ. ನಾನು ಗದರಿದ ಮುದುಕನಿಗೆ ಅಲ್ಲಿ ಸ್ಥಳವಿಲ್ಲ. ಉತ್ತರಮೇಘ ಎಷ್ಟು ಸುಂದರವಾದರೂ ಪೂರ್ವಮೇಘದಷ್ಟು ದೊಡ್ಡದಲ್ಲವೆಂದು ನನಗೆ ತೋರುವುದು ಇದರಿಂದಲೇ.

ಕೊನೆಯಲ್ಲಿ ಯಕ್ಷ ಮೋಡವನ್ನು ಬೇಡಿಕೊಳ್ಳುವ ಬಗೆಯನ್ನು ನೋಡಿ: ಸ್ನೇಹದಿಂದಲಾದರೂ ಸರಿ, ಒಂಟಿಯಾಗಿದ್ದಾನೆಂಬ ಮರುಕದಿಂದಲಾದರೂ ಸರಿ, ಇದೊಂದು ಉಪಕಾರ ಮಾಡು ಎನ್ನುತ್ತಾನೆ. ಸ್ನೇಹಕ್ಕೂ ಮರುಕಕ್ಕೂ ಇಲ್ಲಿ ಒಂದೇ ಮನ್ನಣೆ. ಗೆಳೆಯರು ದೂರವಿದ್ದಾರೆಂದು ಕೊರಗುತ್ತಿದ್ದ ನಾನು, ಆ ದಿನ ಎದುರಿಗೆ ಬಂದು ನಿಂತವರಿಗೆ ಎರಡರಲ್ಲಿ ಒಂದನ್ನೂ ಕೊಟ್ಟಿರಲಿಲ್ಲ.

ಮರುದಿನ ಬೆಳಗ್ಗೆ ಪಡುವಣದಿಂದ ಮೋಡಗಳು ಸಾಲುಸಾಲಾಗಿ ಓಡುತ್ತಿದ್ದವು. ಆ ಸೀಮೆಯಲ್ಲಿ ಆಷಾಢದ ಮೋಡ ಓಡುವುದೇ ಹೆಚ್ಚು, ಸುರಿಯುವುದು ಕಡಿಮೆ. ಕಡಲೆಕಾಯಿ ಬಿತ್ತುವವರು ತಲೆಯೆತ್ತಿ ನೋಡುತ್ತಿದ್ದರು. ನಾನು ಬಾಗಿಲು ತೆರೆದವನೇ ಮೊದಲು ಆ ಮುದುಕನ ಸರ್ವೆ ನಂಬರನ್ನು ತಿದ್ದಿ, ಅವನಿಗೆ ಹೇಳಿ ಕಳುಹಿಸಿದೆ.