ಗಸಿಗೆ ಒಗ್ಗುವ ವಾಫಲ್

ಮಂಗಳೂರಿನ ಬೆಂಗ್ರೆಯಲ್ಲಿ ಮಳೆಗಾಲದ ಹಪ್ಪಳಕ್ಕೆ ಆಯುಸ್ಸು ಕಡಿಮೆ. ಸುಟ್ಟು ತಟ್ಟೆಗಿಟ್ಟು, ಫೋನಿಗೆ ಹಲೋ ಅಂದು ಬರುವಷ್ಟರಲ್ಲಿ ಅದು ಬಾಗುತ್ತದೆ, ಮುರಿಯುವುದಿಲ್ಲ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಫಲ್ಗುಣಿ ಹೊಳೆ, ತೆಂಕಣ ತುದಿಯಲ್ಲಿ ನೇತ್ರಾವತಿಯೂ ಬಂದು ಸೇರುವ ಅಳಿವೆ ಬಾಗಿಲು. ನಡುವಿನ ಮರಳ ಪಟ್ಟಿಯ ಮೇಲೆ ತೋಟ ಬೆಂಗ್ರೆ, ಕಸಬಾ ಬೆಂಗ್ರೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ನೀರು ಹೊತ್ತೇ ಬರುತ್ತದೆ. ಇಂಥ ಕಡೆ ವಾಫಲ್ ಮೇಕರ್ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಬೇರೆ, ಕೇಳುವ ಪ್ರಶ್ನೆಯೇ ಬೇರೆ. ಎಲ್ಲರೂ ಕೇಳುವುದು ಯಾವ ಕಂಪನಿಯದ್ದು ಒಳ್ಳೆಯದು ಅಂತ. ಕೇಳಬೇಕಾದದ್ದು ಅದು ಎಷ್ಟು ಕಾಯುತ್ತದೆ, ಹಿಟ್ಟು ಹೊಯ್ದ ಮೇಲೂ ಕಾವು ಉಳಿಸಿಕೊಳ್ಳುತ್ತದೆಯೇ ಅಂತ.

ವಾಫಲ್ಲಿನ ಸುಖವೆಲ್ಲ ಗರಿಗರಿಯಲ್ಲಿದೆ. ಅದು ಹೋದ ಮೇಲೆ ಉಳಿಯುವುದು ಚೌಕುಳಿ ಬಿದ್ದ ದಪ್ಪ ದೋಸೆ ಮಾತ್ರ. ದೋಸೆ ಬೇಕಿದ್ದರೆ ಮನೆಯಲ್ಲಿ ಕಾವಲಿ ಇದ್ದೇ ಇದೆ.

ಮೊದಲು ಡಬ್ಬಿಯ ಮೇಲಿನ ಬರಹ ಓದುವುದನ್ನು ಕಲಿಯೋಣ. ‘ಬೆಲ್ಜಿಯನ್’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದರ ಅರ್ಥ ಗುಳಿಗಳು ಆಳವಾಗಿವೆ ಎಂದಷ್ಟೇ. ಬೆಲ್ಜಿಯಂನಲ್ಲಿ ಆ ಹೆಸರಿನ ಒಂದೇ ತಿಂಡಿ ಇಲ್ಲ. ಬ್ರಸೆಲ್ಸ್‌ನದು ಹಗುರ, ಆಯತಾಕಾರ. ಲಿಯೇಜ್‌ನದು ಕಲ್ಲುಸಕ್ಕರೆಯಂಥ ಹರಳು ಸೇರಿಸಿದ ಗಟ್ಟಿ ಹಿಟ್ಟಿನದು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಮೌರಿಸ್ ವರ್ಮೆರ್ಷ್ ಎಂಬ ಬೆಲ್ಜಿಯಂನವರ ಕುಟುಂಬ ಬ್ರಸೆಲ್ಸ್ ಬಗೆಯದಕ್ಕೆ ಸ್ಟ್ರಾಬೆರಿ, ಕೆನೆ ಹಾಕಿ ಮಾರಿತು. ಅಮೆರಿಕನ್ನರು ಮರುಳಾದರು, ಆಳ ಗುಳಿಯದಕ್ಕೆಲ್ಲ ಆ ಹೆಸರು ಅಂಟಿತು. ಅಲ್ಲಿನ ಹಳೆಯ ವಾಫಲ್ ಅದಕ್ಕಿಂತ ತೆಳು, ಗುಳಿ ಸಣ್ಣದು. ಟ್ರಾಯ್ ಪಟ್ಟಣದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ 1869ರಲ್ಲಿ ಪೇಟೆಂಟ್ ಪಡೆದದ್ದು ಒಲೆಯ ಮೇಲಿಟ್ಟು ಮಗುಚುವ ಕಬ್ಬಿಣದ ಅಚ್ಚಿಗೆ.

ನನ್ನ ಮತ ತೆಳುವಿಗೆ, ಅದರಲ್ಲೂ ಬೆಂಗ್ರೆಗೆ. ದಪ್ಪ ವಾಫಲ್ಲಿನ ಹೊಟ್ಟೆಯಲ್ಲಿ ತೇವ ಉಳಿದಿರುತ್ತದೆ. ಆರುವಾಗ ಆ ತೇವ ಒಳಗಿಂದ ಹೊರಪದರಕ್ಕೆ ಬರುತ್ತದೆ. ಹೊರಗಿನಿಂದ ಗಾಳಿಯ ತೇವ ಹೇಗೂ ಕಾದು ನಿಂತಿದೆ. ಎರಡೂ ಸೇರಿದರೆ ಎರಡೇ ನಿಮಿಷದಲ್ಲಿ ಚಕ್ಕಳ. ಆಳ ಗುಳಿಯದೇ ಬೇಕು ಎಂದು ಹಟವಿದ್ದರೆ 1000 ವಾಟ್‌ಗಿಂತ ಕಡಿಮೆಯದನ್ನು ಮುಟ್ಟಬೇಡಿ. ತೆಳುವಿಗೆ 750 ಸಾಕು.

ವಾಟ್ ನೋಡಿದ ಮೇಲೆ ಕೈಯಲ್ಲಿ ಎತ್ತಿ ನೋಡಿ. ಈ ಕೆಲಸ ಆನ್‌ಲೈನ್‌ನಲ್ಲಿ ಆಗುವುದಿಲ್ಲ. ಫೆರಿ ಹತ್ತಿ ಬಂದರಿನಲ್ಲಿ ಇಳಿದು ಹಂಪನಕಟ್ಟೆಯ ಕಡೆ ನಡೆಯಲೇಬೇಕು. ಒಂದೇ ವಾಟ್‌ನ ಎರಡು ಯಂತ್ರಗಳಲ್ಲಿ ತಟ್ಟೆ ಭಾರ ಇರುವುದನ್ನು ಆರಿಸಿ. ತಣ್ಣಗಿನ ಹಿಟ್ಟು ಬಿದ್ದೊಡನೆ ತೆಳು ತಟ್ಟೆಯ ಕಾವು ಕುಸಿಯುತ್ತದೆ, ಮತ್ತೆ ಏರುವಷ್ಟರಲ್ಲಿ ಹಿಟ್ಟು ಗರಿಯಾಗುವ ಬದಲು ಹಬೆಯಲ್ಲಿ ಬೆಂದ ಕಡುಬಾಗಿರುತ್ತದೆ. ಹೃದಯದ ಆಕಾರ, ಕರಡಿ ಮುಖ, ಕಾರ್ಟೂನು ಇವೆಲ್ಲ ಮೂಲೆಮೂಲೆಯಲ್ಲಿ ದಪ್ಪ ಬೇರೆಬೇರೆ ಇರುವ ಅಚ್ಚುಗಳು. ಕರಡಿಯ ಕಿವಿ ಕರಟುವಾಗ ಕೆನ್ನೆ ಹಸಿ. ಮಕ್ಕಳು ಅತ್ತರೂ ಸರಿ, ದುಂಡನೆಯದೋ ಚೌಕವೋ ತನ್ನಿ.

ಕಳಚಿ ತೊಳೆಯುವ ತಟ್ಟೆಗಳು ಅನುಕೂಲ ಅನ್ನುತ್ತಾರೆ. ಘಟ್ಟದ ಮೇಲಿನವರಿಗೆ ಇರಬಹುದು. ಇಲ್ಲಿನ ಉಪ್ಪುಗಾಳಿಗೆ ಮೊದಲು ಬಲಿಯಾಗುವುದೇ ಆ ಕ್ಲಿಪ್ಪಿನ ಸಣ್ಣ ಸ್ಪ್ರಿಂಗು, ಆಮೇಲೆ ಬಿಜಾಗರಿಯ ಸ್ಕ್ರೂ. ಕಾಯಿಸುವ ಕಾಯಿಲ್ ತಟ್ಟೆಗೇ ಕೂಡಿಕೊಂಡಿರುವ, ಕಳಚಲಾಗದ ಬಗೆಯದು ಕಾವು ಹಿಡಿಯುವುದರಲ್ಲೂ ಮೇಲು. ತೊಳೆಯುವುದು ಹೇಗೆಂದರೆ, ತೊಳೆಯುವುದೇ ಇಲ್ಲ. ಬಿಸಿ ಆರುತ್ತಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿ. ಗುಳಿಯ ಸಂದಿಗೆ ಹೊಸ ಹಿಡಿಸೂಡಿಯಿಂದ ಎಳೆದ ಒಂದು ಕಡ್ಡಿಯ ದಪ್ಪ ತುದಿ ಸಾಕು. ತೆಂಗಿನ ಗರಿಯ ಆ ಕಡ್ಡಿಗೆ ಕರಿ ತೆಗೆಯುವಷ್ಟು ಗಟ್ಟಿತನ ಇದೆ, ನಾನ್‌ಸ್ಟಿಕ್ ಲೇಪ ಗೀರುವಷ್ಟು ಇಲ್ಲ. ಅಂಗಡಿಯವರು ಯಂತ್ರದ ಜೊತೆ ಕೊಡುವ ಪ್ಲಾಸ್ಟಿಕ್ ಬ್ರಷ್ಷಿಗಿಂತ ಇದೇ ವಾಸಿ. ಆಮೇಲೆ ಬಾಯಿ ತೆರೆದಿಟ್ಟು ಪೂರ್ತಿ ಆರಿಸಿ, ಮುಚ್ಚಳದ ಡಬ್ಬಿಯಲ್ಲಿಡಿ. ಒಳಗೆ ತೇವ ಇಟ್ಟುಕೊಂಡು ಮುಚ್ಚಿದರೆ ಬಿಜಾಗರಿಯಲ್ಲಿ ತುಕ್ಕಿನ ಮೊದಲ ಚುಕ್ಕೆ ಕಾಣಲು ಒಂದು ಮಳೆಗಾಲವೂ ಬೇಡ.

ಇನ್ನು ಗಲ್ಫ್‌ನ ಸೂಟ್‌ಕೇಸು. ಬೆಂಗ್ರೆಗೆ ಬರುವ ಅಡುಗೆ ಯಂತ್ರಗಳಲ್ಲಿ ಕೆಲವಾದರೂ ಹಾಗೆಯೇ ಬರುತ್ತವೆ. ದುಬೈ, ಮಸ್ಕತ್, ದೋಹಾದಿಂದ ಬಂದದ್ದಾದರೆ ಚಿಂತೆಯಿಲ್ಲ. ಅಲ್ಲಿಯೂ ನಮ್ಮ ಹಾಗೆ 220–240 ವೋಲ್ಟ್. ಚೌಕ ಕಾಲಿನ ಪ್ಲಗ್ ಮಾತ್ರ ನಮ್ಮ ತೂತಿಗೆ ಹೋಗುವುದಿಲ್ಲ. ಅಡಾಪ್ಟರ್ ಸಿಕ್ಕಿಸಿ ಕೆಲಸ ಸಾಗಿಸುವುದು ಒಂದೆರಡು ಸಲಕ್ಕೆ ಸರಿ. ಆಮೇಲೆ ಎಲೆಕ್ಟ್ರಿಷಿಯನ್ ಕರೆದು ನಮ್ಮ ಮೂರು ಪಿನ್ನಿನ ಪ್ಲಗ್ ಹಾಕಿಸಿ, ಅರ್ಥಿಂಗ್ ತಂತಿ ಬಿಡದೆ ಜೋಡಿಸಿದನೇ ಎಂದು ಎದುರಿಗೇ ನೋಡಿ. ಒದ್ದೆ ನೆಲ, ಬರಿಗಾಲು, ಲೋಹದ ಯಂತ್ರ ಇರುವ ಅಡುಗೆಮನೆಯಲ್ಲಿ ಆ ಒಂದು ತಂತಿಯೇ ಕಾಯುವುದು. ಅಮೆರಿಕದ ನೆಂಟರು ತಂದದ್ದಾದರೆ ಕತೆ ಬೇರೆ. ಅಲ್ಲಿನದು 120 ವೋಲ್ಟ್. ಅದನ್ನು ನಮ್ಮ 230ಕ್ಕೆ ಸಿಕ್ಕಿಸಿದರೆ ಕಾವು ಎರಡು ಪಟ್ಟಲ್ಲ, ಮೂರೂವರೆ ಪಟ್ಟು ದಾಟುತ್ತದೆ, ಏಕೆಂದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ. ಸಾವಿರ ವಾಟ್‌ನ ಯಂತ್ರ ಮೂರೂವರೆ ಸಾವಿರಕ್ಕೂ ಹೆಚ್ಚು ಎಳೆದು ಹೊಗೆಯಾಗಿ ಮುಗಿಯುತ್ತದೆ. ಅದನ್ನು ನಡೆಸಬಲ್ಲ ಟ್ರಾನ್ಸ್‌ಫಾರ್ಮರ್ ಯಂತ್ರಕ್ಕಿಂತ ಭಾರ. ಧನ್ಯವಾದ ಹೇಳಿ ಶೋಕೇಸಿನಲ್ಲಿಡಿ. ಭಾರತದ್ದೇ ಆದರೆ, ಗೋಡೆಯ ಸಾಮಾನ್ಯ 6 ಆ್ಯಂಪಿಯರ್ ಪಾಯಿಂಟು ಸುಮಾರು 1380 ವಾಟ್‌ವರೆಗೆ ತಾಳುತ್ತದೆ. ಸಾವಿರದ ಯಂತ್ರಕ್ಕೆ ತೊಂದರೆಯಿಲ್ಲ. ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಮಿಕ್ಸಿಯನ್ನೂ ಸಿಕ್ಕಿಸಬೇಡಿ, ಅಷ್ಟೇ.

ಗಾಳಿಮಳೆಗೆ ಕರೆಂಟು ಹೋಗುವ ರಾತ್ರಿಗಳ ಯೋಚನೆ ಇದ್ದವರು ಗ್ಯಾಸಿನ ಮೇಲಿಡುವ ಅಚ್ಚನ್ನೇ ಕೊಳ್ಳಬಹುದು. ಸ್ವಾರ್ಟ್‌ವೌಟರ ಕಾಲದ್ದೇ ತಂತ್ರ: ಎರಡು ತಟ್ಟೆ, ಒಂದು ಬಿಜಾಗರಿ, ಹಿಡಿ ಹಿಡಿದು ಮಗುಚುವುದು. ಕ್ರಿಸ್ಮಸ್ ಹತ್ತಿರವಾದಾಗ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕುಸ್ವಾರಿನ ಕೊಕ್ಕಿಸಾಂ ಮಾಡುವುದನ್ನು ನೋಡಿದವರಿಗೆ ಇದರ ಮರ್ಮ ಹೇಳಿಕೊಡಬೇಕಿಲ್ಲ. ಹೂವಿನ ಅಚ್ಚನ್ನು ಮೊದಲು ಕುದಿಯುವ ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಿ, ಆಮೇಲೆ ಹಿಟ್ಟಿಗೆ ಅದ್ದುತ್ತಾರೆ, ಅದೂ ಮೇಲಂಚು ಮುಳುಗದ ಹಾಗೆ. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಅಂಚು ಮುಳುಗಿದರೆ ಹಿಡಿದದ್ದು ಬಿಡುವುದಿಲ್ಲ. ವಾಫಲ್ಲಿಗೂ ಮೊದಲ ಪಾಠ ಅದೇ. ಯಂತ್ರದ ಹಸಿರು ದೀಪ ಹೊತ್ತಿದ ಕೂಡಲೇ ಹೊಯ್ಯಬೇಡಿ. ಅದು ಆರಿ, ಮತ್ತೆ ಹೊತ್ತಲಿ. ಥರ್ಮೋಸ್ಟಾಟ್ ಒಂದು ಸುತ್ತು ಬರುವಷ್ಟರಲ್ಲಿ ಕಾವು ತಟ್ಟೆಯ ಅಂಚಿನವರೆಗೂ ಹರಡಿರುತ್ತದೆ. ಹಿಟ್ಟು ಹೊಯ್ದ ಮೇಲೆಯೂ ಆ ದೀಪವನ್ನು ನಂಬುವಂತಿಲ್ಲ. ಅದಕ್ಕೆ ಗೊತ್ತಿರುವುದು ತಟ್ಟೆಯ ಬಿಸಿ, ನಿಮ್ಮ ವಾಫಲ್ ಅಲ್ಲ. ನಂಬಬೇಕಾದದ್ದು ಹಬೆಯನ್ನು. ಹಿಟ್ಟಿನಲ್ಲಿ ನೀರಿರುವ ತನಕ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಗರಿಯಾಗುವುದು ನೀರು ಹೋದ ಮೇಲೆ. ಮೊದಲು ಬದಿಯಿಂದ ಹಬೆ ಬುಸುಗುಟ್ಟುತ್ತದೆ, ಆಮೇಲೆ ಎಳೆಯಾಗುತ್ತದೆ, ಕೊನೆಗೆ ಹುಡುಕಿದರೂ ಕಾಣದು. ಆಗ ಮುಚ್ಚಳ ಎತ್ತಿ. ಎತ್ತುವಾಗ ಬಿಗಿಯಾಗಿದ್ದರೆ ಬಲ ಹಾಕಬೇಡಿ, ಅರ್ಧ ಮೇಲೆ ಅರ್ಧ ಕೆಳಗೆ ಸೀಳಿ ಬರುತ್ತದೆ. ಇನ್ನೊಂದು ನಿಮಿಷ ಬಿಟ್ಟರೆ ತಾನಾಗಿ ಬಿಡುತ್ತದೆ.

ಅಂಟುವ ಮಾತು ಬಂತು. ಅಮೆರಿಕದ ಓಟದ ಕೋಚ್ ಬಿಲ್ ಬವರ್‌ಮನ್ 1971ರಲ್ಲಿ ಹೆಂಡತಿಯ ವಾಫಲ್ ಅಚ್ಚಿಗೆ ಯುರಿಥೇನ್ ಹೊಯ್ದರು, ಶೂಗೆ ಹಿಡಿತದ ಅಟ್ಟೆ ಮಾಡಲು. ಅಚ್ಚು ಶಾಶ್ವತವಾಗಿ ಕಚ್ಚಿಕೊಂಡಿತು. ನೈಕಿಯ ಹೆಸರಾಂತ ವಾಫಲ್ ಸೋಲ್ ಹುಟ್ಟಿದ್ದು ಆ ಹಾಳಾದ ಅಚ್ಚಿನ ದಯೆಯಿಂದ. ನಮ್ಮಲ್ಲಿ ಅಷ್ಟು ಲಾಭ ಇಲ್ಲ, ಎಣ್ಣೆ ಸವರಿಯೇ ಹೊಯ್ಯೋಣ. ಗಾಣದ ತೆಂಗಿನೆಣ್ಣೆ 175 ಡಿಗ್ರಿಯ ಆಚೀಚೆ ಹೊಗೆಯಾಡಲು ಶುರುಮಾಡುತ್ತದೆ. ವಾಫಲ್ ತಟ್ಟೆ ಅದಕ್ಕಿಂತ ಬಿಸಿ. ಸುಟ್ಟ ಎಣ್ಣೆ ಗುಳಿಯಲ್ಲಿ ಅರಗಿನಂತೆ ಕೂರುತ್ತದೆ, ಆಮೇಲೆ ಎಲ್ಲವೂ ಅಂಟುತ್ತದೆ. ತಟ್ಟೆಗೆ ತುಪ್ಪ ಒಂದು ಹನಿ ಸವರಿ, ಅದು ಹೆಚ್ಚು ಕಾವು ತಾಳುತ್ತದೆ. ತೆಂಗಿನೆಣ್ಣೆಯ ರುಚಿ ಬೇಕೇ ಬೇಕಲ್ಲ, ಅದನ್ನು ಹಿಟ್ಟಿಗೇ ಕಲಸಿ.

ಹಿಟ್ಟು ಯಾವುದು? ಯೂಟ್ಯೂಬಿನಲ್ಲಿ ಸಿಗುವುದು ಮೈದಾ, ಮೊಟ್ಟೆ, ಬೆಣ್ಣೆ, ಸಕ್ಕರೆ. ಒಣಹವೆಯ ಊರಿಗೆ ಅದು ಸರಿ. ಸಕ್ಕರೆಯ ಗುಣವೇ ಗಾಳಿಯ ತೇವ ಎಳೆದುಕೊಳ್ಳುವುದು. ಮೈದಾದ ಗ್ಲುಟೆನ್ ತೇವ ಕುಡಿದರೆ ತೊಗಲಿನ ಹಾಗೆ ಎಳೆಯುತ್ತದೆ. ಅಲ್ಲಿನವರು ಗರಿಗರಿಗೆಂದು ಕಾರ್ನ್‌ಫ್ಲೋರ್ ಬೆರೆಸುತ್ತಾರೆ, ಮೊಟ್ಟೆಯ ಬಿಳಿ ನೊರೆಗಟ್ಟಿಸುತ್ತಾರೆ. ನಮಗೆ ಅದೆಲ್ಲ ಯಾಕೆ, ಅಕ್ಕಿ ಇರುವಾಗ? ಬೆಳ್ತಿಗೆ ಅಕ್ಕಿ ಎರಡು ಲೋಟ, ಉದ್ದು ಅರ್ಧ ಲೋಟ, ಮೆಂತೆ ಅರ್ಧ ಚಮಚ ನೆನೆಸಿ, ಇಡ್ಲಿಗಿಂತ ತುಸು ತೆಳ್ಳಗೆ, ದೋಸೆಗಿಂತ ತುಸು ಗಟ್ಟಿಯಾಗಿ ಅರೆಯಿರಿ. ಬೆಂಗ್ರೆಯ ಸೆಕೆಯಲ್ಲಿ ಎಂಟು ಗಂಟೆಗೆ ಹುಳಿ ಬರುತ್ತದೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಉಬ್ಬಿದ ಹಿಟ್ಟು ಯಂತ್ರದ ಬದಿಯಿಂದ ಹರಿದು ಬಿಜಾಗರಿ ಸೇರುತ್ತದೆ. ಹೊಯ್ಯುವ ಮುಂಚೆ ಎರಡು ದೊಡ್ಡ ಚಮಚ ತೆಂಗಿನೆಣ್ಣೆ. ತಟ್ಟೆಯ ಮುಕ್ಕಾಲು ಭಾಗ ತುಂಬಿಸಿ, ಉಳಿದ ಕಡೆಗೆ ಮುಚ್ಚಳವೇ ಒತ್ತಿ ಹರಡುತ್ತದೆ. ಕೆಂಪಾಗಲಿ ಎಂದು ಕಾಯಬೇಡಿ, ಅಕ್ಕಿ ಮೈದಾದಷ್ಟು ಕೆಂಪಾಗುವುದಿಲ್ಲ. ತಿಳಿ ಹೊಂಬಣ್ಣ ಬಂದರೆ ಆಯಿತು, ಅದೂ ಉದ್ದು ಮೆಂತೆಯ ಪುಣ್ಯ.

ನೀರುದೋಸೆಯ ಹಿಟ್ಟು ಹೊಯ್ಯುತ್ತೇನೆ ಎನ್ನುವವರಿಗೆ ಒಂದು ಮಾತು: ಬೇಡ. ಅದು ಕಾವಲಿಯ ಮೇಲೆ ಹರಡಲು ಹುಟ್ಟಿದ್ದು, ಅಚ್ಚಿನಲ್ಲಿ ನಿಲ್ಲುವುದಿಲ್ಲ.

ವಾಫಲ್ ತೆಗೆದು ಸ್ಟೀಲು ತಟ್ಟೆಗೆ ಹಾಕುವುದು ಮಹಾಪರಾಧ. ಅಡಿಯ ಹಬೆ ಹೋಗಲು ದಾರಿಯಿಲ್ಲದೆ ಅಲ್ಲೇ ನೀರಾಗುತ್ತದೆ. ತಂತಿ ಜಾಲರಿಯ ಮೇಲಿಡಿ. ಜೋರು ಮಳೆಯ ದಿನ ಜಾಲರಿಯೂ ಸಾಲದು. ಆಗ ಒಬ್ಬರು ಹೊಯ್ಯುವುದು, ಉಳಿದವರು ತಿನ್ನುವುದು. ಎಲ್ಲರೂ ಒಟ್ಟಿಗೆ ಕೂತು ತಿನ್ನುವ ಆಸೆ ಇದ್ದರೆ ಕೊನೆಗೆ ಒಂದೊಂದನ್ನೇ ಮತ್ತೆ ಯಂತ್ರಕ್ಕೆ ಹಾಕಿ ಒಂದು ನಿಮಿಷ ಕಾಯಿಸಿ.

ಜೇನು, ಚಾಕಲೇಟು, ಐಸ್‌ಕ್ರೀಂ ನಾನು ಬೇಡ ಅನ್ನುವುದಿಲ್ಲ. ಮಂಗಳೂರಿನಲ್ಲಿ ಕೂತು ಐಸ್‌ಕ್ರೀಂ ಬೇಡ ಅನ್ನುವ ಧೈರ್ಯ ಯಾರಿಗಿದೆ? ಆದರೆ ಅಕ್ಕಿಯ ವಾಫಲ್ಲಿನ ನಿಜವಾದ ಜೊತೆ ಗಸಿ. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ರೈತರು ಬೇಯಿಸಿದ ಕೋಳಿಯನ್ನು ಗ್ರೇವಿ ಸಮೇತ ವಾಫಲ್ಲಿನ ಮೇಲೆ ಸುರಿದು ತಿನ್ನುತ್ತಾರೆ ಎಂದರೆ ಬೆಂಗಳೂರಿನವರು ಮುಖ ಕಿವುಚಬಹುದು, ತುಳುನಾಡಿನವರು ಕಿವುಚುವುದಿಲ್ಲ. ಕೋರಿ ರೊಟ್ಟಿ ತಿಂದು ಬೆಳೆದವರು ನಾವು. ಒಣಗಿದ ಅಕ್ಕಿ ರೊಟ್ಟಿ ಮುರಿದು ತಟ್ಟೆಗೆ ಹಾಕಿ, ಬಿಸಿ ಗಸಿ ಸುರಿದು, ಅರ್ಧ ಗರಿ ಅರ್ಧ ಮೆದು ಇರುವ ಆ ಸಣ್ಣ ಹೊತ್ತಿನಲ್ಲಿ ತಿಂದು ಮುಗಿಸುವ ವಿದ್ಯೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ವಾಫಲ್ ಇದಕ್ಕೆ ಒಂದು ಉಪಕಾರ ಮಾಡುತ್ತದೆ: ಗಸಿ ಗುಳಿಯಲ್ಲಿ ನಿಲ್ಲುತ್ತದೆ, ದಿಣ್ಣೆ ಗರಿಯಾಗಿಯೇ ಇರುತ್ತದೆ. ಒಂದೇ ತುತ್ತಿನಲ್ಲಿ ಎರಡೂ ಸಿಗುತ್ತವೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಧಕ್ಕೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಬೋಟಿನವರು ಮನೆಯಲ್ಲಿರುತ್ತಾರೆ, ನಾಡದೋಣಿಯ ಮೀನು ಎಲ್ಲರಿಗೂ ಸಾಲುವುದಿಲ್ಲ. ಆ ಎರಡು ತಿಂಗಳು ಕೋಳಿ ಗಸಿಯದು. ಗಸಿ ಮಾಮೂಲಿಗಿಂತ ಚೂರು ಗಟ್ಟಿ ಇರಲಿ, ತೆಂಗಿನ ಹಾಲು ಕೊನೆಯಲ್ಲಿ ಹಾಕುವವರು ಎರಡನೆಯ ಹಾಲು ಕಡಿಮೆ ಮಾಡಿ. ಬಟ್ಟಲಿನಲ್ಲಿ ಬೇರೆಯಾಗಿ ಬಡಿಸಿ, ಅವರವರ ವಾಫಲ್ ಯಂತ್ರದಿಂದ ಇಳಿದ ಮೇಲೆ ಅವರವರೇ ಸುರಿದುಕೊಳ್ಳಲಿ. ಆಗಸ್ಟಿನಲ್ಲಿ ಬೋಟು ಹೊರಟು ಬಂಗುಡೆ ಬಂದರೆ ಪುಳಿಮುಂಚಿ ಮಾಡಿ. ಅದಕ್ಕೆ ಸಾರು ಕಡಿಮೆ, ಗುಳಿಗೆ ಹೇಳಿ ಮಾಡಿಸಿದ್ದು. ಮುಳ್ಳು ಮಾತ್ರ ಮೊದಲೇ ತೆಗೆದಿಡಿ, ಬಂಗುಡೆಯಲ್ಲಿ ಅದು ಸುಲಭ. ಬೂತಾಯಿ ಬೇಡ, ಚೌಕುಳಿಯೊಳಗೆ ಆ ಸಣ್ಣ ಮುಳ್ಳು ಹುಡುಕುವ ತಾಳ್ಮೆ ನನಗಿಲ್ಲ.

ಬನ್ಸಿನ ಹಿಟ್ಟನ್ನು ಯಂತ್ರಕ್ಕೆ ಹಾಕಬಹುದೇ ಎಂದು ಕೇಳುವವರೂ ಇದ್ದಾರೆ. ಹಾಕಬಹುದು. ಬಾಳೆಹಣ್ಣು, ಮೊಸರು ಸೇರಿದ ಆ ಹಿಟ್ಟನ್ನು ನಿಂಬೆ ಗಾತ್ರದ ಉಂಡೆ ಮಾಡಿ ನಡುವಿಗಿಟ್ಟು ಒತ್ತಿದರೆ ಲಿಯೇಜ್‌ನ ವಾಫಲ್ಲಿಗೆ ದೂರದ ನೆಂಟನಂತೆ ಕಾಣುವ ಒಂದು ತಿಂಡಿ ಬರುತ್ತದೆ. ಹಣ್ಣಿನ ಸಕ್ಕರೆ ತಟ್ಟೆಗೆ ಅಂಟುವುದರಿಂದ ತುಪ್ಪ ಧಾರಾಳ ಬೇಕು, ಆಮೇಲೆ ಹಿಡಿಸೂಡಿ ಕಡ್ಡಿಗೆ ಕೆಲಸವೂ ಜಾಸ್ತಿ. ಕರಿದ ಬನ್ಸಿನ ರುಚಿ ಇದಕ್ಕಿಲ್ಲ, ಎಣ್ಣೆಗೆ ಹೆದರುವ ವಯಸ್ಸಿನವರಿಗೆ ಇದು ಅಡ್ಡಿಯಿಲ್ಲ.