ಮಟ್ಟು ಒಳಗೆ, ಮಂದಿ ಹೊರಗೆ

ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದೇ ವರ್ಷ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಅದಕ್ಕೆ ಪ್ರೇರಣೆ ನಮ್ಮ ಉತ್ತರ ಕನ್ನಡದ ಯಕ್ಷಗಾನ. ಭಾವೆಯವರ ಆಟದಲ್ಲಿ ಹಾಡು ಸೂತ್ರಧಾರನ ಪಾಲು. ಪಾತ್ರಧಾರಿಗೆ ಮಾತು, ಅಭಿನಯ ಅಷ್ಟೆ. 1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಆಡಿಸಿದ ಕಿರ್ಲೋಸ್ಕರ್ ಹಾಡನ್ನು ಪಾತ್ರದ ಬಾಯಿಗೇ ಕೊಟ್ಟರು. ದುಃಖ ಉಂಡವಳೇ ದುಃಖ ಹಾಡಿದಳು. ಇದು ಸಣ್ಣ ಕೆಲಸವಲ್ಲ. 1882ರ 'ಸೌಭದ್ರ'ದಲ್ಲಿ ಕೀರ್ತನೆ, ಲಾವಣಿ, ಕನ್ನಡ ಹಾಡಿನ ಮಟ್ಟುಗಳನ್ನು ಕಥೆಗೆ ಹೊಂದಿಸಿದ ಅವರ ಜಾಣ್ಮೆಯನ್ನು ಯಾರೂ ಅಲ್ಲಗಳೆಯಲಾರರು. 1885ರಲ್ಲಿ ತೀರಿಕೊಂಡರು.

ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಪಾತ್ರಕ್ಕೆ ದನಿ ಬಂತು, ಸರಿ, ಯಾವ ಪಾತ್ರಕ್ಕೆ? ದುಷ್ಯಂತನಿಗೆ, ಶಕುಂತಲೆಗೆ, ಅರ್ಜುನನಿಗೆ, ಸುಭದ್ರೆಗೆ. ಲಾವಣಿಯನ್ನು ತಮಾಷಾ ಆಟದಲ್ಲಿ ಬೆವರು ಸುರಿಸಿ ಬೆಳೆಸಿದವರಲ್ಲಿ ಮಹಾರರಿದ್ದರು, ಮಾಂಗರಿದ್ದರು, ಕೊಲ್ಹಾಟಿ ಹೆಂಗಸರಿದ್ದರು. ಮಟ್ಟು ರಂಗದ ಒಳಗೆ ಬಂತು, ಇವರ ಬದುಕು ಹೊರಗೇ ಉಳೀತು.

ಕಾಲವೇ ಹಾಗಿತ್ತು ಅಂತೀರಾ? 'ಶಾಕುಂತಲ'ಕ್ಕೂ ಕಾಲು ಶತಮಾನ ಮೊದಲೇ, 1855ರಲ್ಲಿ, ಜೋತಿಬಾ ಫುಲೆ 'ತೃತೀಯ ರತ್ನ' ಬರೆದಿದ್ದರು. ಪುರೋಹಿತನ ಸುಲಿಗೆಗೆ ಸಿಕ್ಕ ರೈತ ದಂಪತಿ ಕೊನೆಗೆ ಅಕ್ಷರ ಕಲಿಯಲು ಹೊರಡುವ ನಾಟಕ ಅದು. ದಕ್ಷಿಣಾ ಪ್ರೈಜ್ ಕಮಿಟಿ ಅದನ್ನು ತಿರಸ್ಕರಿಸಿತು. ಅಚ್ಚಾದದ್ದು 1979ರಲ್ಲಿ!

ಹಾಡು ಪಾತ್ರದ ಬಾಯಿಂದಲೇ ಬರಬೇಕು ಅನ್ನೋದನ್ನ ಹಳ್ಳಿಯಲ್ಲಿ ನಾಟಕ ಕಲಿಸುವ ನಮ್ಮ ಮೇಷ್ಟ್ರುಗಳು ಕಿರ್ಲೋಸ್ಕರರಿಂದ ಕಲಿಯಲಿ. ಯಾರ ಬಾಯಿಂದ ಅನ್ನೋದನ್ನ ಮಾತ್ರ ಫುಲೆಯವರನ್ನೇ ಕೇಳಲಿ.